ಮನೆಗೆ ಬಂದು ಕಲಿಸುವ ಉಕುಲೆಲೆ ಪಾಠ: 28 ತಿಂಗಳು, 101 ಕ್ಲಾಸು

ಗಿಟಾರಿನಂಥ ಪುಟ್ಟ ವಾದ್ಯ ಉಕುಲೆಲೆ. ಅದರ ಪಾಠ 2023ರ ಮಾರ್ಚ್‌ನಲ್ಲಿ ಶುರು ಮಾಡಿದ್ದು, ಈಗ 2025ರ ಜೂನ್ ಮುಗಿದಿದೆ. ಸಹಕಾರ ಸಂಘದ ಆಫೀಸಿನಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು, ಹಾಗಾಗಿ ಇದರದ್ದೂ ಒಂದು ನೋಟ್‌ಬುಕ್ ಇಟ್ಟಿದ್ದೇನೆ. 101 ಕ್ಲಾಸು, ಒಂದೊಂದೂ ಮುಕ್ಕಾಲು ಗಂಟೆ, ಒಟ್ಟು ಫೀಸು 48,500 ರೂಪಾಯಿ. ಎಲ್ಲ ಯೂಟ್ಯೂಬಿನಲ್ಲೇ ಪುಕ್ಕಟೆ ಸಿಗುವಾಗ ಮೇಷ್ಟ್ರಿಗೆ ಯಾಕೆ ಇಷ್ಟು ದುಡ್ಡು ಅಂತ ಆಫೀಸಿನಲ್ಲೂ ಕೇಳಿದ್ದಾರೆ, ಮನೆಯಲ್ಲೂ ಕೇಳಿದ್ದಾರೆ. ಮೊದಲ ಆರು ತಿಂಗಳ ಫೀಸು ಪೂರ್ತಿ ವಸೂಲಾಗಿದೆ. ಆಮೇಲಿನ ಎಂಟು ತಿಂಗಳಲ್ಲಿ ಅರ್ಧದಷ್ಟು ದುಡ್ಡು ದಂಡ. ಕೊನೆಯ ಹದಿನಾಲ್ಕು ತಿಂಗಳು ಕೊಟ್ಟದ್ದಕ್ಕಿಂತ ಹೆಚ್ಚೇ ಸಿಕ್ಕಿದೆ. ಯಾಕೆ ಹಾಗೆ ಅನ್ನುವುದು ಇಂಥ ಪಾಠಕ್ಕೆ ಸೇರಬೇಕು ಅಂದುಕೊಂಡವರಿಗೆ ಉಪಯೋಗಕ್ಕೆ ಬರಬಹುದು ಅಂತ ಬರೆಯುತ್ತಿದ್ದೇನೆ.

ನನ್ನ ಬಗ್ಗೆ ಸ್ವಲ್ಪ ಹೇಳಬೇಕು. ಊರು ಮೈಸೂರು, ವಯಸ್ಸು 44. ಚಿಕ್ಕಂದಿನಲ್ಲಿ ಕರ್ನಾಟಕ ಸಂಗೀತ ಕಲಿತು ಜೂನಿಯರ್ ಪರೀಕ್ಷೆ ಪಾಸು ಮಾಡಿದ್ದೆ. ಮದುವೆಯಾದ ಮೇಲೆ ಇಪ್ಪತ್ತು ವರ್ಷ ಹಾಡಲೇ ಇಲ್ಲ. ಮಗಳು ಓದಲು ಹಾಸ್ಟೆಲಿಗೆ ಹೋದ ಮೇಲೆ ಸಂಜೆ ಮನೆ ಬಿಕೋ ಅನ್ನತೊಡಗಿತು. ಮತ್ತೆ ಹಾಡಬೇಕು, ಕೈಯಲ್ಲಿ ಹಿಡಿದು ನುಡಿಸುವಂಥದ್ದು ಏನಾದರೂ ಇರಬೇಕು ಅನ್ನಿಸಿತು. ವೀಣೆಗೆ ಜಾಗ ಬೇಕು, ದುಡ್ಡೂ ಬೇಕು. ಗಿಟಾರ್ ನನ್ನ ಬೆರಳಿಗೆ ದೊಡ್ಡದು. ನಾಲ್ಕೇ ತಂತಿಯ ಉಕುಲೆಲೆ ಹಾಗೆ ನಮ್ಮ ಮನೆಗೆ ಬಂತು.

ಮೊದಲು ಒಂದು ತಿಂಗಳು ಗುಂಪಿನ ಕ್ಲಾಸಿಗೆ ಹೋದೆ. ಎಂಟು ಮಕ್ಕಳು, ಎಂಟು ಶ್ರುತಿ, ನಡುವೆ ನಾನು. ಬಿಟ್ಟೆ. ಆಮೇಲೆ ಮೂರು ವಾರ ವಿಡಿಯೊ ನೋಡಿ ನುಡಿಸಿದೆ. ಕಾರ್ಡ್ ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು. ಸಿ ಕಾರ್ಡ್ ಪರವಾಗಿಲ್ಲ, ಎಫ್ ಹಿಡಿದರೆ ಮಾತ್ರ ಅಪಸ್ವರ. ಬೆರಳು ಸರಿಯಾಗಿ ಕೂರುತ್ತಿಲ್ಲ ಅಂತ ದಿನಾ ಒತ್ತಿ ಒತ್ತಿ ಬೆರಳ ತುದಿ ಕೆಂಪಾಯಿತು. ಪರಿಚಯದವರೊಬ್ಬರು ಈ ಮೇಷ್ಟ್ರ ನಂಬರ್ ಕೊಟ್ಟರು. ನನಗಿಂತ ಹದಿನೇಳು ವರ್ಷ ಚಿಕ್ಕವರು, ಚರ್ಚಿನ ಕಾಯರ್‌ನಲ್ಲಿ ಹಾಡಿ ಬೆಳೆದವರು. ನಾನು ಅವರನ್ನು ಸರ್ ಅನ್ನುತ್ತೇನೆ, ಅವರು ನನ್ನನ್ನು ಅಕ್ಕ ಅನ್ನುತ್ತಾರೆ.

ಮೊದಲ ದಿನ ಅವರು ಪಾಠ ಮಾಡಲೇ ಇಲ್ಲ. ನನ್ನ ಉಕುಲೆಲೆ ತೊಡೆಯ ಮೇಲಿಟ್ಟುಕೊಂಡು, ತುದಿಗೆ ಶ್ರುತಿ ತೋರಿಸುವ ಕ್ಲಿಪ್ ಟ್ಯೂನರ್ ಸಿಕ್ಕಿಸಿ, ಇ ಸ್ವರದ ತಂತಿಯನ್ನು ಖಾಲಿ ಮೀಟಿದರು. ಮುಳ್ಳು ನಟ್ಟ ನಡುವೆ ನಿಂತಿತು. ಅದೇ ತಂತಿಯ ಮೊದಲನೇ ಫ್ರೆಟ್ (ಕತ್ತಿನ ಮೇಲಿನ ಲೋಹದ ಅಡ್ಡಗೆರೆ) ಒತ್ತಿ ಮೀಟಿದರು. ಮುಳ್ಳು ನಡುಗೆರೆ ದಾಟಿ ಬಲಕ್ಕೆ ಓಡಿತು. ಹನ್ನೆರಡನೇ ಫ್ರೆಟ್ಟಿಗೆ ಬಂದರೆ ಮತ್ತೆ ಹೆಚ್ಚುಕಡಿಮೆ ಸರಿ. "ಬೆರಳಿನ ತಪ್ಪಲ್ಲ ಅಕ್ಕ. ಇಲ್ಲಿ ನೋಡಿ" ಅಂತ ಕತ್ತಿನ ತುದಿಯಲ್ಲಿ ತಂತಿ ಕೂರುವ ಬಿಳಿ ಪಟ್ಟಿ ತೋರಿಸಿದರು. ಅದರ ಗೀರು ಸಾಕಷ್ಟು ಆಳ ಕೊರೆದಿರಲಿಲ್ಲ. ತಂತಿ ಎತ್ತರದಲ್ಲಿ ಕೂತರೆ ಮೊದಲನೇ ಫ್ರೆಟ್ಟಿನವರೆಗೆ ಒತ್ತುವಷ್ಟರಲ್ಲಿ ಅದು ಎಳೆದುಕೊಳ್ಳುತ್ತದೆ, ಸ್ವರ ಮೇಲೇರುತ್ತದೆ. ಎಫ್ ಕಾರ್ಡಿಗೆ ಆ ಫ್ರೆಟ್ಟೇ ಬೇಕು. ಅಂದರೆ ಇಷ್ಟು ದಿನ ನನ್ನ ಕಿವಿ ಸರಿಯಾಗಿಯೇ ಹೇಳುತ್ತಿತ್ತು, ನಾನು ಬೆರಳನ್ನು ಬೈದುಕೊಳ್ಳುತ್ತಿದ್ದೆ. ನನ್ನ ಕೈಯಲ್ಲಿರುವ ವಾದ್ಯದ್ದೇ ದೋಷ ಅಂತ ಯಾವ ವಿಡಿಯೊ ತಾನೇ ಹೇಳೀತು? ಆ ಒಂದು ದಿನಕ್ಕೆ ಕೊಟ್ಟ 400 ರೂಪಾಯಿಯನ್ನು ನಾನು ಯಾವತ್ತೂ ಮರೆಯುವುದಿಲ್ಲ.

ಅದು 1,900 ರೂಪಾಯಿಯ 21 ಇಂಚಿನ ಸೊಪ್ರಾನೊ ಅನ್ನುವ ಚಿಕ್ಕ ಸೈಜಿನದು, ಆನ್‌ಲೈನ್‌ನಲ್ಲಿ ತರಿಸಿದ್ದು. ಗೀರನ್ನು ಅರದಿಂದ ಉಜ್ಜಿ ಸರಿ ಮಾಡಬಹುದಿತ್ತು, ಆದರೆ ಬಿರಡೆಗಳೂ ಜಾರುತ್ತಿದ್ದವು. ಒಂದು ತಿಂಗಳು ಬಿಟ್ಟು, ಸರ್ ಜೊತೆಗೇ ಅಂಗಡಿಗೆ ಹೋಗಿ 6,200 ರೂಪಾಯಿಗೆ 23 ಇಂಚಿನ ಕನ್ಸರ್ಟ್ ಸೈಜಿನದು ತಂದೆ. ಪದರ ಅಂಟಿಸಿದ ಲ್ಯಾಮಿನೇಟ್ ಮರ, ಹಲ್ಲುಚಕ್ರದ ಬಿರಡೆ. ಅಖಂಡ ಮರದ್ದು ಇನ್ನೂ ಚೆನ್ನಾಗಿ ನುಡಿಯುತ್ತದೆ, ಆದರೆ ಹವೆ ಒಣಗಿದರೆ ಬಿರುಕು ಬಿಡುವ ಭಯ. ದಿನಾ ಸೋಫಾದ ಮೇಲೆ ಬಿದ್ದಿರುವ ವಾದ್ಯಕ್ಕೆ ಲ್ಯಾಮಿನೇಟೇ ವಾಸಿ. ಹೊಸ ತಂತಿ ಒಂದು ವಾರ ಹಿಗ್ಗುತ್ತಲೇ ಇರುತ್ತದೆ, ಕೂತಾಗೊಮ್ಮೆ ಶ್ರುತಿ ಮಾಡಿಕೊಳ್ಳಬೇಕು. ಅದನ್ನು ನೋಡಿ ವಾದ್ಯ ಕೆಟ್ಟಿದೆ ಅಂದುಕೊಳ್ಳಬೇಡಿ. ಕ್ಲಿಪ್ ಟ್ಯೂನರ್ ಮರದ ಕಂಪನ ಹಿಡಿಯುವುದರಿಂದ ಪಕ್ಕದಲ್ಲಿ ಮಿಕ್ಸಿ ತಿರುಗುತ್ತಿದ್ದರೂ ಕೆಲಸ ಮಾಡುತ್ತದೆ. ಮೊಬೈಲ್ ಆ್ಯಪ್‌ಗೆ ಅದು ಆಗುವುದಿಲ್ಲ.

ಮೊದಲ ಆರು ತಿಂಗಳು ವಾರಕ್ಕೆ ಎರಡು ಕ್ಲಾಸು. ಮೂರನೇ ವಾರಕ್ಕೇ ಎಡಗೈ ಮಣಿಕಟ್ಟು ನೋಯತೊಡಗಿತ್ತು. ಸರ್ ಹಾಡು ನಿಲ್ಲಿಸಿ, ಉಂಗುರದ ಬೆರಳನ್ನು ಎ ತಂತಿಯ ಮೂರನೇ ಫ್ರೆಟ್ಟಿನ ಹಿಂದೆ ಸುಮ್ಮನೆ ಇಡಿ ಅಂದರು.

"ಒತ್ತಬೇಡಿ ಅಕ್ಕ, ಮುಟ್ಟಿ ಅಷ್ಟೇ. ಈಗ ಮೀಟಿ."

ಟಕ್ ಅಂತ ಸತ್ತ ಸದ್ದು.

"ಒಂದು ಚೂರು ಒತ್ತಿ."

ಜರ್ ಅಂತ ಅದುರಿತು.

"ಇನ್ನೊಂದು ಚೂರು."

ಸ್ವರ ತಿಳಿಯಾಗಿ ಬಂತು. "ಅಲ್ಲೇ ನಿಲ್ಸಿ. ಇಷ್ಟೇ ಸಾಕು. ನೀವು ಇದರ ನಾಲ್ಕರಷ್ಟು ಒತ್ತುತ್ತಾ ಇದ್ರಿ."

ಪ್ರತಿ ಬೆರಳಿಗೂ, ಪ್ರತಿ ತಂತಿಗೂ ಹೀಗೇ ಮಾಡಿಸಿದರು. ಒಂದು ಇಡೀ ಕ್ಲಾಸು ಇದರಲ್ಲೇ ಹೋಯಿತು. ಮುಂದಿನ ವಾರದಿಂದ ಮಣಿಕಟ್ಟಿನ ನೋವು ಇಳಿಯಿತು, ಕಾರ್ಡ್‌ನಿಂದ ಕಾರ್ಡ್‌ಗೆ ಬೆರಳು ಹಗುರಾಗಿ ಹಾರತೊಡಗಿತು. ಜೋರಾಗಿ ಒತ್ತಿದರೆ ತಂತಿ ಬಿಗಿದು ಸ್ವರ ಏರುತ್ತದೆ ಅನ್ನುವುದೂ ಅವತ್ತೇ ಗೊತ್ತಾಯಿತು.

ಬಲಗೈಯದು ಬೇರೆ ಕಥೆ. ಉಕುಲೆಲೆಯಲ್ಲಿ ಎಲ್ಲರೂ ಕಲಿಯುವ ಒಂದು ಸ್ಟ್ರಮ್ಮಿಂಗ್, ಅಂದರೆ ತಂತಿಗಳನ್ನು ಒಟ್ಟಿಗೆ ಸವರುವ ಕ್ರಮ ಇದೆ: ಕೆಳಗೆ, ಕೆಳಗೆ-ಮೇಲೆ, ಮೇಲೆ-ಕೆಳಗೆ-ಮೇಲೆ. ನಾಲ್ಕು ಎಣಿಕೆಯಲ್ಲಿ ಮೂರನೆಯದಕ್ಕೆ ಕೈ ಕೆಳಗೆ ಹೋಗಬೇಕು, ಆದರೆ ತಂತಿ ಮುಟ್ಟಬಾರದು. ನನ್ನ ಕೈ ಅಲ್ಲಿ ನಿಂತೇಬಿಡುತ್ತಿತ್ತು. ಸರ್ ಎಣಿಸಿದರು, ತೊಡೆ ತಟ್ಟಿದರು, ಟಕ್ ಟಕ್ ಅಂತ ಲಯ ಎಣಿಸುವ ಮೆಟ್ರೊನೋಮ್ ಹಾಕಿದರು. ಎರಡು ವಾರ ಆದರೂ ಬರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ನನಗೇ ಹೊಳೆಯಿತು. "ಸರ್, ಇದು ಹುಸಿ ಅಲ್ವಾ?" ಅಂದೆ. ಅವರಿಗೆ ಆ ಮಾತು ಗೊತ್ತಿರಲಿಲ್ಲ. ಆದಿತಾಳ ಹಾಕಿ ತೋರಿಸಿದೆ. ಕೊನೆಯಲ್ಲಿ ಒಂದು ಪೆಟ್ಟು, ಆಮೇಲೆ ಅಂಗೈ ಮೇಲೆ ಮಾಡುವ ಹುಸಿ, ಮತ್ತೆ ಪೆಟ್ಟು, ಹುಸಿ. ಹುಸಿಯಲ್ಲಿ ಸದ್ದಿಲ್ಲ, ಆದರೆ ಕೈ ಆಡುತ್ತದೆ, ಕಾಲ ಸರಿಯುತ್ತದೆ. ಎಂಟು ವರ್ಷದವಳಿದ್ದಾಗ ಕಲಿತ ಕ್ರಿಯೆ ಇದು. ಉಕುಲೆಲೆ ಕೈಗೆತ್ತಿಕೊಂಡು ಮೂರನೇ ಎಣಿಕೆಗೆ ಮನಸ್ಸಿನಲ್ಲೇ ಹುಸಿ ಅಂದೆ. ಕೈ ನಿಲ್ಲಲಿಲ್ಲ. ಸರ್ ತಮ್ಮ ಪುಸ್ತಕದಲ್ಲಿ ಆ ಪದ ಬರೆದುಕೊಂಡರು. ಈಗ ಬೇರೆ ಮಕ್ಕಳಿಗೂ ಹುಸಿ ಅಂತಲೇ ಹೇಳಿಕೊಡುತ್ತಾರಂತೆ. ಕಲಿಸುವವರು ಹೀಗೆ ಕೇಳಿಸಿಕೊಳ್ಳುವವರಾಗಿದ್ದರೆ ಕಲಿಯುವವರ ಭಾಗ್ಯ. ಮೇಷ್ಟ್ರನ್ನು ಹುಡುಕುವಾಗ ಸರ್ಟಿಫಿಕೇಟಿಗಿಂತ ಮೊದಲು ನಾನು ಈ ಗುಣ ನೋಡುತ್ತೇನೆ.

ಇನ್ನು ನಡುವಿನ ಎಂಟು ತಿಂಗಳು. 2023ರ ಸೆಪ್ಟೆಂಬರ್‌ನಿಂದ 2024ರ ಏಪ್ರಿಲ್‌ವರೆಗೆ, ವಾರಕ್ಕೊಂದು ಕ್ಲಾಸು, ಫೀಸು 500. ಹತ್ತು ಕಾರ್ಡ್ ಕೈಗೆ ಕೂತಿದ್ದವು, ಸಿನಿಮಾ ಹಾಡು ನುಡಿಸಲು ಬರುತ್ತಿತ್ತು. ಪ್ರತಿ ವಾರ ಒಂದು ಹೊಸ ಹಾಡು, ಒಂದು ಹೊಸ ಹಾಳೆ. ಮುಂದಿನ ವಾರ ಹಳೆಯದನ್ನು ಯಾರೂ ಕೇಳುವುದಿಲ್ಲ. ಸರ್ ಮದುವೆ ಸೀಸನ್ನಿನಲ್ಲಿ ಆರ್ಕೆಸ್ಟ್ರಾಗೆ ಕೀಬೋರ್ಡ್ ನುಡಿಸಲು ಹೋಗುತ್ತಿದ್ದರು. ಬೆಳಿಗ್ಗೆ ಆರಕ್ಕೆ "ಇವತ್ತು ಬರಕ್ಕಾಗಲ್ಲ ಅಕ್ಕ" ಅಂತ ಮೆಸೇಜು. ತಿಂಗಳ ದುಡ್ಡು ಮುಂಗಡವಾಗಿ ಕೊಟ್ಟಿರುತ್ತಿದ್ದೆ. ತಪ್ಪಿದ ಕ್ಲಾಸು ಸೇರಿಸಿಕೊಡುವ ಮಾತು ಬರುತ್ತಿತ್ತು, ಕ್ಲಾಸು ಬರುತ್ತಿರಲಿಲ್ಲ. ಆ ಎಂಟು ತಿಂಗಳಲ್ಲಿ ಆಗಿದ್ದು 27 ಕ್ಲಾಸು. ನನಗೆ ಬೇಜಾರಾಗಿತ್ತು, ಬಾಯಿಬಿಟ್ಟು ಹೇಳಲಿಲ್ಲ. ಗುರುಗಳ ಹತ್ತಿರ ದುಡ್ಡಿನ ಮಾತು ಆಡಬಾರದು ಅಂತ ನಮ್ಮನ್ನು ಬೆಳೆಸಿದ್ದು ಹಾಗೆ.

ಏಪ್ರಿಲ್ ಕೊನೆಯಲ್ಲಿ ನೋಟ್‌ಬುಕ್ ತೆರೆದು ಅವರ ಮುಂದಿಟ್ಟೆ. ಬಂದ ದಿನ, ಬಾರದ ದಿನ, ಕಲಿತ ಹಾಡು, ಇವತ್ತು ನೋಡದೆ ನುಡಿಸಬಲ್ಲ ಹಾಡು, ನಾಲ್ಕು ಸಾಲು. ಕೊನೆಯ ಸಾಲಿನಲ್ಲಿ ಎರಡೇ ಹೆಸರಿದ್ದವು. ಸರ್ ತುಂಬಾ ಹೊತ್ತು ಅದನ್ನೇ ನೋಡಿದರು. "ನೀವು ಮೊದಲೇ ಹೇಳ್ಬೇಕಿತ್ತು ಅಕ್ಕ" ಅಂದರು. ಅದೂ ನಿಜವೇ. ಅವತ್ತು ಮೂರು ಮಾತು ತೀರ್ಮಾನವಾದವು. ಮುಂಗಡ ಬೇಡ, ಬಂದ ದಿನದ ದುಡ್ಡು ಬಂದ ದಿನವೇ. ಹದಿನೈದು ದಿನಕ್ಕೊಂದೇ ಕ್ಲಾಸು, 600 ರೂಪಾಯಿ. ಒಂದು ಹಾಡು ಮುಗಿಯದೆ ಇನ್ನೊಂದಿಲ್ಲ. ಮೊದಲ ದಿನವೇ ಈ ಮಾತು ಆಡಿಕೊಂಡಿದ್ದರೆ ಆರೇಳು ಸಾವಿರ ಉಳಿಯುತ್ತಿತ್ತು. ಹೊಸದಾಗಿ ಸೇರುವವರು ದಯವಿಟ್ಟು ಆಡಿಕೊಳ್ಳಿ.

ಕಲಿಕೆ ನಿಜವಾಗಿ ಹಣ್ಣಾದದ್ದು ಆಮೇಲೆ. ಉಕುಲೆಲೆಯ ನಾಲ್ಕು ತಂತಿ ಮೇಲಿನಿಂದ ಜಿ, ಸಿ, ಇ, ಎ. ಸಿ ಸ್ವರವನ್ನು ಷಡ್ಜ ಅಂದುಕೊಂಡರೆ ಅದು ಪ, ಸ, ಗ, ದ. ಏನನ್ನೂ ಒತ್ತದೆ ಸುಮ್ಮನೆ ಸವರಿದರೆ ಮೋಹನ ರಾಗದ ನಾಲ್ಕು ಸ್ವರ! ಉಳಿದ ಒಂದೇ ಒಂದು ರಿಷಭ ಸಿ ತಂತಿಯ ಎರಡನೇ ಫ್ರೆಟ್ಟಿನಲ್ಲಿದೆ. ಇದನ್ನು ಹೇಳಿದಾಗ ಸರ್ ಕಣ್ಣು ಅರಳಿತು. ಅವರು ಇದನ್ನು ಪೆಂಟಾಟೋನಿಕ್, ಅಂದರೆ ಐದು ಸ್ವರದ ಸರಣಿ ಅಂತ ಕಲಿತಿದ್ದರು. ಇಬ್ಬರೂ ಕೂತು ಲೆಕ್ಕ ಹಾಕಿದೆವು: ಮೋಹನದ ಐದು ಸ್ವರ ಬಿಟ್ಟು ಆಚೆ ಹೋಗದ ಮೇಜರ್ ಕಾರ್ಡ್ ಒಂದೇ, ಸಿ. ಮೈನರ್ ಕಾರ್ಡೂ ಒಂದೇ, ಎ ಮೈನರ್. ಎರಡಕ್ಕೂ ಒಂದೊಂದು ಬೆರಳು ಸಾಕು. ಚಿಕ್ಕಂದಿನಲ್ಲಿ ಕಲಿತ ಮೋಹನದ ಗೀತೆಯನ್ನು ಈ ಎರಡು ಕಾರ್ಡಿನ ಮೇಲೆ ಅವರು ನುಡಿಸಿದಾಗ ನನಗೆ ಗಂಟಲು ಕಟ್ಟಿ ಹಾಡಲು ಆಗಲಿಲ್ಲ.

ಆದರೆ ನನ್ನ ಶ್ರುತಿ ಹಾರ್ಮೋನಿಯಂನ ಬಿಳಿ ಐದು, ಅಂದರೆ ಜಿ. ಸಿ ಸ್ವರಕ್ಕೆ ಷಡ್ಜ ಇಟ್ಟರೆ ತಾರಸ್ಥಾಯಿಗೆ ದನಿ ಏರುವುದಿಲ್ಲ. ಹಾಗಾಗಿ ಹಾಡುವಾಗ ನನಗೆ ಬೇಕಾದ್ದು ಜಿ ಮತ್ತು ಇ ಮೈನರ್, ಎರಡಕ್ಕೂ ಮೂರು ಮೂರು ಬೆರಳು. ಭಾವಗೀತೆಗಳಿಗೆ ಡಿ ಕೂಡ ಬೇಕು. ಡಿ ಅಂದರೆ ಮೇಲಿನ ಮೂರು ತಂತಿಗೂ ಎರಡನೇ ಫ್ರೆಟ್ಟಿನ ಒಂದೇ ಸಂದಿನಲ್ಲಿ ಮೂರು ಬೆರಳು ತುರುಕಬೇಕು. ಹಳೆಯ 21 ಇಂಚಿನದರಲ್ಲಿ ಅದು ಸಾಧ್ಯವೇ ಇರಲಿಲ್ಲ, 23 ಇಂಚಿನದರಲ್ಲಿ ನಾಲ್ಕು ತಿಂಗಳಿಗೆ ಕೂತಿತು. ಹಾಡುವ ಉದ್ದೇಶ ಇರುವವರು ಮೊದಲ ಕ್ಲಾಸಿನಲ್ಲೇ ನಿಮ್ಮ ಶ್ರುತಿ ಯಾವುದು ಅಂತ ಹೇಳಿಬಿಡಿ. ಕೇಳಬೇಕಾದ ಮೇಷ್ಟ್ರೂ ಎಷ್ಟೋ ಸಲ ಕೇಳುವುದಿಲ್ಲ.

ಕೃತಿ, ವರ್ಣ ನುಡಿಸುವ ಆಸೆ ಇದ್ದರೆ ಈ ವಾದ್ಯ ಬೇಡ. ಗಿಡ್ಡ ನೈಲಾನ್ ತಂತಿಯನ್ನು ಎಷ್ಟು ಎಳೆದರೂ ವೀಣೆಯ ಗಮಕ ಬರುವುದಿಲ್ಲ, ಮೀಟಿದ ಸ್ವರ ಬೇಗ ಆರಿಹೋಗುತ್ತದೆ. ಇದು ಹಾಡಿನ ಜೊತೆಗಾರ. ಹುಟ್ಟಿದ್ದೂ ಹಾಗೆಯೇ. 1879ರ ಆಗಸ್ಟ್ 23ರಂದು ಪೋರ್ಚುಗಲ್ಲಿನ ಮದೀರಾ ದ್ವೀಪದಿಂದ ಕಬ್ಬಿನ ತೋಟದ ಕೂಲಿಗೆ ಬಂದ ಜನರನ್ನು ಹೊತ್ತು ರಾವೆನ್ಸ್‌ಕ್ರ್ಯಾಗ್ ಅನ್ನುವ ಹಡಗು ಹವಾಯಿಯ ಹೊನೊಲುಲು ಸೇರಿತು. ಅವರ ಜೊತೆ ಮಾಶೆಟೆ ಅನ್ನುವ ಪುಟ್ಟ ತಂತಿವಾದ್ಯ ಬಂತು, ಮೂವರು ಮರಗೆಲಸದವರೂ ಬಂದರು: ಮ್ಯಾನುಯೆಲ್ ನೂನೆಸ್, ಆಗಸ್ಟೊ ಡಯಾಸ್, ಜೋಸ್ ದೊ ಎಸ್ಪಿರಿಟೊ ಸ್ಯಾಂಟೊ. ಅವರ ಕೈಯಲ್ಲೇ ಉಕುಲೆಲೆ ರೂಪ ಪಡೆಯಿತು. ಹವಾಯಿಯ ರಾಜ ಕಲಾಕೌವ ಅದನ್ನು ಅರಮನೆಯ ಹಾಡು ಕುಣಿತಕ್ಕೆ ಸೇರಿಸಿಕೊಂಡ. ಇದನ್ನೆಲ್ಲ ಸರ್ ಒಂದು ಮಳೆಯ ಸಂಜೆ ತಂತಿ ಬದಲಿಸುತ್ತಾ ಹೇಳಿದ್ದು. ಬಡಗಿಗಳ ಕೈಯಲ್ಲಿ ಹುಟ್ಟಿ, ದುಡಿಯುವ ಜನರ ಹಾಡಿಗೆ ಜೊತೆಯಾದ ವಾದ್ಯ ಅಂತ ಗೊತ್ತಾದ ಮೇಲೆ ಅದರ ಮೇಲಿನ ನನ್ನ ಮಮತೆ ಇನ್ನೂ ಹೆಚ್ಚಾಗಿದೆ.

ಇವತ್ತಿಗೆ ಹದಿನಾಲ್ಕು ಕಾರ್ಡ್ ನೋಡದೆ ಹಿಡಿಯುತ್ತೇನೆ. ಬಿ ಫ್ಲ್ಯಾಟ್ ಇನ್ನೂ ಹತ್ತಕ್ಕೆ ಮೂರು ಸಲ ತಪ್ಪುತ್ತದೆ. ಒಂಬತ್ತು ಭಾವಗೀತೆ, ನಾಲ್ಕು ದೇವರನಾಮ ಮೊದಲಿನಿಂದ ಕೊನೆಯವರೆಗೆ ಹಾಡುತ್ತಾ ನುಡಿಸುತ್ತೇನೆ. ಅಭ್ಯಾಸ ದಿನಾ ಇಪ್ಪತ್ತು ನಿಮಿಷ, ರಾತ್ರಿ ಅಡುಗೆಮನೆ ಒರೆಸಿದ ಮೇಲೆ. ರಜೆಗೆ ಬಂದ ಮಗಳು ಪಕ್ಕದ ಕೋಣೆಯಲ್ಲಿ ಓದುವುದು ಬಿಟ್ಟು ಬಂದು ಕೂತು ಕೇಳುತ್ತಾಳೆ.

ಒಂದು ಕೊರತೆ ಮಾತ್ರ ಉಳಿದಿತ್ತು. ಉಕುಲೆಲೆಯ ಮೇಲಿನ ಜಿ ತಂತಿ ಕೆಳಸ್ಥಾಯಿಯದಲ್ಲ, ಪಕ್ಕದ ಸಿ ತಂತಿಗಿಂತ ಎತ್ತರದ ಸ್ವರ ಅದು. ನನ್ನ ದನಿಗೆ ಅದು ತಾರಷಡ್ಜ. ಹಾಡಿ ಕೆಳಗಿಳಿದು ಷಡ್ಜದಲ್ಲಿ ನಿಂತಾಗ ವಾದ್ಯದಲ್ಲಿ ಅದರ ಆಸರೆ ಇರುವುದಿಲ್ಲ. ಹೋದ ಕ್ಲಾಸಿನಲ್ಲಿ ಇದನ್ನು ಹೇಳಿದೆ. ಲೋ ಜಿ ಅಂತ ಒಂದು ದಪ್ಪ ತಂತಿ ಸಿಗುತ್ತದಂತೆ, ಒಂದು ಸ್ಥಾಯಿ ಕೆಳಗೆ ನುಡಿಯುವಂಥದ್ದು. ಅದನ್ನು ಹಾಕಿದರೆ ಖಾಲಿ ತಂತಿಯಲ್ಲೇ ನನ್ನ ಆಧಾರ ಷಡ್ಜ. ದಪ್ಪ ತಂತಿ ಕೂರಬೇಕಾದರೆ ಬಿಳಿ ಪಟ್ಟಿಯ ಗೀರನ್ನು ಸ್ವಲ್ಪ ಅಗಲ ಮಾಡಬೇಕು. ತಂತಿ ನಿನ್ನೆ ಬಂದಿದೆ, ಪೊಟ್ಟಣ ಇನ್ನೂ ಒಡೆದಿಲ್ಲ. ಭಾನುವಾರ ಸರ್ ಅರ ತರುತ್ತಾರೆ.