ಯಾರ ಮೈಬಣ್ಣ? 24 ಕ್ರೇಯಾನ್‌ಗಳ ಪೆಟ್ಟಿಗೆಯೊಂದರ ವಿಮರ್ಶೆ

“ಮೈಬಣ್ಣದ ಕ್ರೇಯಾನ್ ಕೊಡು” ಎಂದು ಮಗು ಕೇಳಿದರೆ ಪಕ್ಕದ ಮಗು ಸಾಮಾನ್ಯವಾಗಿ ಎತ್ತಿಕೊಡುವುದು ನಸುಗುಲಾಬಿ ಕಡ್ಡಿಯನ್ನು. ಕೇಳಿದವರ ಕೈಯೂ ಕೊಟ್ಟವರ ಕೈಯೂ ಕಂದಾಗಿದ್ದರೂ ಅಷ್ಟೇ. ಕ್ರೇಯೋಲಾ ಕಂಪನಿ ಒಂದು ಕಾಲದಲ್ಲಿ ಆ ಬಣ್ಣವನ್ನು ‘ಫ್ಲೆಶ್’, ಅಂದರೆ ಮೈಬಣ್ಣ, ಎಂದೇ ಕರೆಯುತ್ತಿತ್ತು. 1962ರಲ್ಲಿ ಅದು ‘ಪೀಚ್’ ಆಯಿತು. ಕಾಗದದ ಮೇಲಿನ ಹೆಸರು ಅಳಿಸಿದರೂ ಮಕ್ಕಳ ಬಾಯಲ್ಲಿ ಅಳಿಯಲಿಲ್ಲ. ಅದೇ ಕಂಪನಿ 2020ರಲ್ಲಿ ತಂದ ‘ಕಲರ್ಸ್ ಆಫ್ ದ ವರ್ಲ್ಡ್’ ಪೆಟ್ಟಿಗೆ ಈ ರೂಢಿಯನ್ನು ಮುರಿಯಬಲ್ಲದು. ನಾಲ್ಕರಿಂದ ಎಂಟು ವರ್ಷದ ಮಕ್ಕಳ ತರಗತಿಯಲ್ಲಿ ಇದು ಇರಲೇಬೇಕು. ಆದರೆ ಹಂಚುವಾಗ ಎಡವಿದರೆ, ಸಮಾನತೆ ಕಲಿಸಬೇಕಾದ ಪೆಟ್ಟಿಗೆಯೇ ತಾರತಮ್ಯ ಕಲಿಸುತ್ತದೆ.

ಒಳಗಿರುವುದು 24 ಮೈಬಣ್ಣಗಳು. ಆಲ್ಮಂಡ್, ಗೋಲ್ಡನ್, ರೋಸ್ ಎಂಬ ಮೂರು ಛಾಯೆಗಳಲ್ಲಿ ತಿಳಿಯಿಂದ ಗಾಢದವರೆಗೆ ಸಾಗುತ್ತವೆ. ಈ ಮೂರು ಛಾಯೆಗಳೇ ಇದರ ಹೆಚ್ಚುಗಾರಿಕೆ: ಒಂದೇ ಗಾಢತೆಯ ಇಬ್ಬರು ಮಕ್ಕಳಲ್ಲಿ ಒಬ್ಬರ ಚರ್ಮ ಹಳದಿಯತ್ತ ವಾಲಿದರೆ ಇನ್ನೊಬ್ಬರದು ಕೆಂಪಿನತ್ತ ವಾಲುತ್ತದೆ. 32ರ ಪೆಟ್ಟಿಗೆಯಲ್ಲಿ ಕೂದಲಿಗೆ ನಾಲ್ಕು, ಕಣ್ಣಿಗೆ ನಾಲ್ಕು ಬಣ್ಣ ಹೆಚ್ಚಿಗೆ ಸಿಗುತ್ತವೆ. ಮುಖ ಬರೆಸುವುದಿದ್ದರೆ ಅದನ್ನೇ ತೆಗೆದುಕೊಳ್ಳಿ.

ತೊಂದರೆ ಶುರುವಾಗುವುದು ಲೆಕ್ಕದಲ್ಲಿ. ಪ್ರತಿ ಬಣ್ಣಕ್ಕೂ ಒಂದೇ ಕಡ್ಡಿ. 30 ಮಕ್ಕಳ ತರಗತಿಯಲ್ಲಿ ಎಂಟು ಹತ್ತು ಮಕ್ಕಳಿಗೆ ಅದದೇ ಎರಡು ಮೂರು ಕಡ್ಡಿಗಳು ಬೇಕಾಗುತ್ತವೆ. ಮೊದಲು ಕೈಹಾಕಿದವರಿಗೆ ತಮ್ಮ ಬಣ್ಣ, ಕೊನೆಯವರಿಗೆ ಉಳಿದದ್ದು. ನ್ಯಾಯದ ಪಾಠದಲ್ಲೇ ಅನ್ಯಾಯ! ಆರು ಮಕ್ಕಳಿಗೊಂದು ಪೆಟ್ಟಿಗೆ ಇದ್ದರೆ ಸಲೀಸು. ಒಂದೇ ಇದ್ದರೆ ಆರಾರು ಮಕ್ಕಳ ಗುಂಪು ಮಾಡಿ ಸರದಿಯಲ್ಲಿ ಕೂರಿಸಿ, ಮರುದಿನ ಸರದಿಯನ್ನು ತಿರುಗಿಸಿ.

ಬಣ್ಣ ಹೊಂದಿಸುವುದನ್ನು ಅವಸರಿಸಬೇಡಿ. ಬಿಳಿ ಕಾಗದದ ಅಂಚಿನಲ್ಲಿ ಬೆರಳಗಲದ ಪಟ್ಟಿ ಉಜ್ಜಿಸಿ, ಕಿಟಕಿಯ ಬಳಿ ಹಗಲು ಬೆಳಕಿನಲ್ಲಿ ಮುಂಗೈ ಪಕ್ಕ ಹಿಡಿಸಿ. ಕಡ್ಡಿಯನ್ನೇ ಕೈಗೆ ಹಿಡಿದು ನೋಡಿದರೆ ಮೋಸಹೋಗುತ್ತೀರಿ. ಮೇಣ ಕಡ್ಡಿಯಲ್ಲಿ ಕಾಣುವುದಕ್ಕಿಂತ ಕಾಗದದ ಮೇಲೆ ತಿಳಿಯಾಗಿ ಬೀಳುತ್ತದೆ, ಏಕೆಂದರೆ ಕಾಗದದ ಬಿಳುಪು ಸಂದುಗಳಲ್ಲಿ ಇಣುಕುತ್ತದೆ. ಗಾಢ ಬಣ್ಣ ತುಂಬಿಕೊಳ್ಳಲು ಎರಡು ಸಲ ಒತ್ತಿ ಉಜ್ಜಬೇಕು, ಹಾಗಾಗಿ ಆ ಕಡ್ಡಿಗಳು ಬೇಗ ಸವೆಯುತ್ತವೆ, ಮುರಿಯುತ್ತವೆ. ತುಂಡುಗಳನ್ನು ಎಸೆಯಬೇಡಿ. ಗಾಢ ಬಣ್ಣದ ಮಗುವಿಗೆ ಮಾತ್ರ “ನಿನ್ನದು ಮುಗಿದುಹೋಗಿದೆ” ಎಂಬ ಉತ್ತರ ಸಿಗುವಂತಾಗಬಾರದು. ಬಣ್ಣ ಆರಿಸುವುದು ಮಗುವಿನ ಕೆಲಸ. ತನ್ನದಕ್ಕಿಂತ ತಿಳಿಯಾದದ್ದನ್ನು ಆರಿಸಿದರೆ ಎಲ್ಲರೆದುರು ತಿದ್ದಬೇಡಿ, “ಇನ್ನೊಂದನ್ನೂ ಉಜ್ಜಿ ನೋಡೋಣವಾ?” ಎಂದರೆ ಸಾಕು.

ಅತಿ ದೊಡ್ಡ ತಪ್ಪು ಆಗುವುದು ಜೋಡಿಸುವಾಗ. ತಿಳಿಯಿಂದ ಗಾಢಕ್ಕೆ ಸಾಲಾಗಿ ಇಟ್ಟರೆ ಮಕ್ಕಳು ಅದನ್ನು ಏಣಿಯಂತೆ ಓದುತ್ತಾರೆ, ‘ಫಸ್ಟ್’ ಯಾರು ‘ಲಾಸ್ಟ್’ ಯಾರು ಎಂದು ಹುಡುಕುತ್ತಾರೆ. ಮಕ್ಕಳನ್ನೇ ಬಣ್ಣದ ಪ್ರಕಾರ ಸಾಲು ನಿಲ್ಲಿಸುವುದಂತೂ ಕೂಡದು. ಕಡ್ಡಿಗಳನ್ನು ಅಗಲ ಬಾಯಿಯ ಡಬ್ಬಿಯಲ್ಲಿ ಕಲಸಿಡಿ. ಹೊದಿಕೆಯ ಮೇಲಿನ ಹೆಸರುಗಳಲ್ಲಿ ಲೈಟ್, ಮೀಡಿಯಂ, ಡೀಪ್ ಎಂಬ ದರ್ಜೆ ಇದೆ. ಅದನ್ನು ಗಟ್ಟಿಯಾಗಿ ಓದುವ ಬದಲು ಮಕ್ಕಳಿಂದಲೇ ಹೆಸರಿಡಿಸಿ. ಮರಳು, ಒದ್ದೆ ಮಣ್ಣು, ಮರದ ತೊಗಟೆ ಆಗಬಹುದು. ತಿನ್ನುವ ಪದಾರ್ಥಗಳ ಹೆಸರು ಬೇಡ: ಒಬ್ಬರಿಗೆ ಜೇನು, ಇನ್ನೊಬ್ಬರಿಗೆ ‘ಸೀದದ್ದು’ ಎನ್ನುವಲ್ಲಿಗೆ ಅದು ಬೇಗ ಜಾರುತ್ತದೆ.

“ಅವಳ ಕೈ ಯಾಕೆ ಕಪ್ಪು, ತೊಳೆದಿಲ್ವಾ?” ಎಂಬ ಪ್ರಶ್ನೆ ಬಂದೇ ಬರುತ್ತದೆ. “ಹಾಗೆಲ್ಲ ಕೇಳಬಾರದು” ಎಂದು ಬಾಯಿ ಮುಚ್ಚಿಸಿದರೆ, ಅದು ನಾಚಿಕೆಪಡುವ ವಿಷಯವೆಂದು ಇಬ್ಬರು ಮಕ್ಕಳೂ ಕಲಿಯುತ್ತಾರೆ. ಉತ್ತರ ನೇರವಾಗಿರಲಿ: ಎಲ್ಲರ ಚರ್ಮದಲ್ಲೂ ಮೆಲನಿನ್ ಎಂಬ ಬಣ್ಣವಿರುತ್ತದೆ, ಕೆಲವರಲ್ಲಿ ಹೆಚ್ಚು, ಕೆಲವರಲ್ಲಿ ಕಡಿಮೆ, ತೊಳೆದರೆ ಹೋಗುವುದು ಕೊಳೆ, ಮೈಬಣ್ಣವಲ್ಲ.

ಒಂದೇ ದಿನದ ಚಟುವಟಿಕೆ ಮಾಡಿ ಪೆಟ್ಟಿಗೆಯನ್ನು ಬೀರುವಿಗೆ ಸೇರಿಸಿದರೆ ಕೊಂಡದ್ದು ದಂಡ. ಮಾಮೂಲಿ ಕ್ರೇಯಾನ್‌ಗಳ ಪಕ್ಕದಲ್ಲೇ ವರ್ಷವಿಡೀ ಇರಲಿ. ಅಮ್ಮನ ಚಿತ್ರ, ಡಾಕ್ಟರ ಚಿತ್ರ, ರಾಜಕುಮಾರಿಯ ಚಿತ್ರ ಬಿಡಿಸುವಾಗಲೂ ಕೈಗೆಟುಕಬೇಕು. “ಮೈಬಣ್ಣ ಕೊಡು” ಎಂದವರಿಗೆ “ಯಾರ ಮೈಬಣ್ಣ?” ಎಂದು ಪ್ರತಿ ಸಲವೂ ಕೇಳಿ. ಕೆಲವು ವಾರಗಳಲ್ಲಿ ಆ ಪ್ರಶ್ನೆಯನ್ನು ಮಕ್ಕಳೇ ಒಬ್ಬರನ್ನೊಬ್ಬರು ಕೇಳತೊಡಗುತ್ತಾರೆ.