ಹಳೇ ಬ್ಯಾಲಿ ಪಿನ್‌ಬಾಲ್: ಬಿಸಿಯಾಗೋ ರೆಕ್ಟಿಫೈಯರ್ ಬೋರ್ಡ್ ರಿಪೇರಿ ಮಾಡೋದಾ, ಹೊಸದು ಹಾಕೋದಾ?

1977ರ ಆಮೇಲೆ ಬಂದ ಬ್ಯಾಲಿ ಕಂಪನಿಯ ಪಿನ್‌ಬಾಲ್ (ಉಕ್ಕಿನ ಗುಂಡು ಹೊಡೆದು ಆಡೋ ಆಟ) ಮಷೀನುಗಳಲ್ಲಿ ಹೆಚ್ಚಾಗಿ ಸುಡೋದು ರೆಕ್ಟಿಫೈಯರ್ ಬೋರ್ಡು, ಅಂದ್ರೆ ಎಸಿ ಕರೆಂಟನ್ನ ಡಿಸಿ ಮಾಡೋ ಬೋರ್ಡು, ಅದ್ರಲ್ಲೂ ಬಲ್ಬುಗಳಿಗೆ 6.3 ವೋಲ್ಟ್ ಕೊಡೋ ಕನೆಕ್ಟರ್. ಪಿನ್ ಸಡಿಲ ಆದ್ರೆ ರೆಸಿಸ್ಟೆನ್ಸ್ ಜಾಸ್ತಿ ಆಗುತ್ತೆ, ಅದ್ರಿಂದ ಬಿಸಿ, ಬಿಸಿಯಿಂದ ಪಿನ್ ಇನ್ನೂ ಸಡಿಲ, ಕೊನೆಗೆ ಬಿಳಿ ಪ್ಲಾಸ್ಟಿಕ್ಕು ಕಂದು ಬಣ್ಣಕ್ಕೆ ತಿರುಗಿ ಪಿನ್ ಬುಡದ ಬೆಸುಗೆ ಸುತ್ತ ಉಂಗುರದ ಥರ ಬಿರುಕು ಬಿಟ್ಟಿರುತ್ತೆ.

ರಿಪೇರಿ ಖರ್ಚು ಕಮ್ಮಿ. ಹೊಸ ಹೆಡರ್ ಪಿನ್ನು (ಬೋರ್ಡ್ ಮೇಲಿನ ಕನೆಕ್ಟರ್ ಪಿನ್ನು), ಬಿಗಿಯಾದ ಫ್ಯೂಸ್ ಕ್ಲಿಪ್ಪು, 35 ಆಂಪ್ ಬ್ರಿಡ್ಜು (ಎಸಿನ ಡಿಸಿ ಮಾಡೋ ಬಿಡಿಭಾಗ) ಹಾಕಿ, ಬ್ರಿಡ್ಜನ್ನ ಬೋರ್ಡಿಗೆ ಅಂಟಿಸ್ದೆ ಗಾಳಿ ಆಡೋಕೆ ಸ್ವಲ್ಪ ಎತ್ತರದಲ್ಲಿ ಕೂರಿಸಿ. ಬೆಸುಗೆ ಕೈ ಚೆನ್ನಾಗಿದ್ರೆ ನನ್ನ ಓಟು ಇದಕ್ಕೇ.

ಬೋರ್ಡು ಕರಕಲಾಗಿ ತಾಮ್ರದ ಟ್ರ್ಯಾಕ್ ಎದ್ದು ಬಂದಿದ್ರೆ ಮಾತ್ರ ಹೊಸದು ತಗೊಳ್ಳಿ, ಯಾಕಂದ್ರೆ ಸುಟ್ಟ ಜಾಗದ ಇಂಗಾಲದಲ್ಲೂ ಕರೆಂಟ್ ಹರಿಯುತ್ತೆ. ಹೊಸ ಬೋರ್ಡು ದುಬಾರಿನೇ, ಆದ್ರೂ ಹಳೇ ಸುಟ್ಟ ವೈರ್ ಟರ್ಮಿನಲ್ಲನ್ನೇ ಅದಕ್ಕೆ ಚುಚ್ಚಿದ್ರೆ ಅದೂ ಸುಡುತ್ತೆ, ಹಾಗಾಗಿ ಎರಡ್ರಲ್ಲಿ ಯಾವುದಾದ್ರೂ ಸರಿ ವೈರ್ ಕಡೆನೂ ಹೊಸ ಕ್ರಿಂಪ್ ಟರ್ಮಿನಲ್ (ವೈರ್ ತುದಿಗೆ ಒತ್ತಿ ಕೂರಿಸೋದು) ಹಾಕ್ಲೇಬೇಕು.

ಬಲ್ಬನ್ನೂ ನೋಡಿ, ಕರೆಂಟ್ ಕಮ್ಮಿ ಎಳೆದಷ್ಟೂ ಕನೆಕ್ಟರ್ ಕಮ್ಮಿ ಬಿಸಿಯಾಗುತ್ತೆ. 44 ನಂಬರ್ ಬಲ್ಬು 0.25 ಆಂಪ್ ಎಳೆಯುತ್ತೆ, 47 ನಂಬರಿನದು 0.15 ಅಷ್ಟೇ, ಎಲ್‌ಇಡಿ ಇನ್ನೂ ಕಮ್ಮಿ.

ಫ್ಯೂಸ್ ಹಾರ್ತಿದೆ ಅಂತ ದೊಡ್ಡದು ಹಾಕ್ಬೇಡಿ. ಈ ಬೋರ್ಡಲ್ಲಿ ಡಿಸ್‌ಪ್ಲೇಗೆ ಹೋಗೋ 200 ವೋಲ್ಟಿಗೂ ಮೇಲಿನ ಲೈನ್ ಇದೆ, ಮುಟ್ಟೋ ಮೊದ್ಲು ಪ್ಲಗ್ಗೇ ಕಿತ್ತುಬಿಡಿ.