ಮಂಡಿ ಕೀಲು ಬದಲಾವಣೆ: ಯಾವ ದಾರಿಯಲ್ಲಿ ಒಳಹೋಗುವುದು?
ಮಂಡಿಯ ಕೀಲು ಬದಲಿಸಲು ಸರ್ಜನ್ ಒಳಹೋಗುವ ಮೂರು ದಾರಿಗಳು ಇಲ್ಲಿವೆ. ಮೂರರಲ್ಲೂ ಹೊರಗಿನ ಗಾಯ ಹೆಚ್ಚುಕಡಿಮೆ ಒಂದೇ ಥರ. ವ್ಯತ್ಯಾಸವೆಲ್ಲ ತೊಡೆಯ ಸ್ನಾಯುವನ್ನು ಏನು ಮಾಡುತ್ತಾರೆ ಎಂಬುದರಲ್ಲಿ. ಮೀಡಿಯಲ್ ಪ್ಯಾರಾಪಟೆಲ್ಲರ್ ಎಂಬ ದಾರಿಯಲ್ಲಿ ಮಂಡಿಚಿಪ್ಪಿನ ಮೇಲಿನ ಸ್ನಾಯುರಜ್ಜುವನ್ನು ಉದ್ದಕ್ಕೆ ಸೀಳುತ್ತಾರೆ. ಕೀಲು ಪೂರ್ತಿ ಕಾಣುತ್ತದೆ, ಬೇಕಾದರೆ ಸೀಳನ್ನು ಮೇಲಕ್ಕೆ ಬೆಳೆಸಬಹುದು. ದಪ್ಪ ಮೈ, 90 ಡಿಗ್ರಿಯೂ ಮಡಚದ ಬಿಗಿ ಮಂಡಿ, ಎರಡನೇ ಸಲದ ಆಪರೇಷನ್ ಇದ್ದವರಿಗೆ ಇದೇ ವಾಸಿ.

ಸಬ್‌ವಾಸ್ಟಸ್ ದಾರಿಯಲ್ಲಿ ತೊಡೆಯ ಒಳಬದಿಯ ಸ್ನಾಯುವನ್ನು ಕತ್ತರಿಸದೆ ಅಡಿಯಿಂದ ಎತ್ತಿ ಸರಿಸುತ್ತಾರೆ. ಮಲಗಿದಲ್ಲೇ ಕಾಲನ್ನು ನೆಟ್ಟಗೆ ಎತ್ತುವುದು ಬೇಗ ಬರುತ್ತದೆ, ಮೊದಲ ದಿನಗಳ ನೋವೂ ಸಾಮಾನ್ಯವಾಗಿ ಕಡಿಮೆ. ಆದರೆ ಜಾಗ ಇಕ್ಕಟ್ಟು. ಬಲವಂತವಾಗಿ ಎಳೆದರೆ ಚಿಪ್ಪಿನ ಕೆಳಗಿನ ರಜ್ಜು ಕಿತ್ತುಬರಬಹುದು, ಇಂಪ್ಲಾಂಟ್ (ಕೃತಕ ಕೀಲು) ಓರೆಯಾಗಿ ಕೂರಬಹುದು. ಸಪೂರ ಮೈಯವರಿಗೆ, ಚೆನ್ನಾಗಿ ಮಡಚುವ ಮಂಡಿಗೆ ಸರಿ.

ಮಿಡ್‌ವಾಸ್ಟಸ್ ಇವೆರಡರ ನಡುವಿನ ದಾರಿ: ಅದೇ ಒಳಬದಿಯ ಸ್ನಾಯುವಿನ ಎಳೆಗಳನ್ನು ಬಿಡಿಸಿ ಹೋಗುತ್ತಾರೆ. ಯಾವ ದಾರಿಯಾದರೂ ಕೆಲವು ತಿಂಗಳಾದ ಮೇಲೆ ನಡಿಗೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿಯದು. ಸರ್ಜನ್ನರ ಕೈ ಯಾವುದರಲ್ಲಿ ಪಳಗಿದೆ ಎಂದು ಮೊದಲು ಕೇಳಿ.